ಜಿಂಕೆ ತೊಗಲಿನ ಹೆಬ್ಬೆರಳು

ಮಿಯಾಕೊನೊಜೊ ಊರಿನಲ್ಲಿ ಬಿಲ್ಲು ಮಾಡುವವರು ಬೇರೆ,
ನಾನು ಕೈಗವಸಿನವನು.
ಅವರಿಗೆ ಬಿದಿರು, ಬೆಂಕಿ, ಬೆಣೆ;
ನನಗೆ ಸತ್ತ ಜಿಂಕೆ, ಹುಲ್ಲಿನ ಹೊಗೆ, ಸೂಜಿ.
ಅರವತ್ತೊಂದು ವರ್ಷ ಹೊಲಿದಿದ್ದೇನೆ.
ಒಂದು ಬಾಣವನ್ನೂ ಬಿಟ್ಟವನಲ್ಲ.

ಕಳೆದ ನವೆಂಬರಿನ ಒಂದು ಮಂಗಳವಾರ
ಸಕುರಾಜಿಮಾದ ಬೂದಿಯನ್ನು ಕೊಡೆಯಿಂದ ಕೊಡವಿ
ಜಾರುಬಾಗಿಲು ಸರಿಸಿ ಒಳಬಂದಳು
ಕುರೊಕಿ ಕಿನುಯೊ, ಊರ ಬಸ್ಸಿನ ಚಾಲಕಿ.
ಕೆಲಸದ ಬಿಳಿ ಕೈಗವಸು ಕಳಚಿ, ಮಡಚಿ, ಜೇಬಿಗಿಟ್ಟು
ಬಟ್ಟೆಗಂಟು ಬಿಚ್ಚಿದಳು:
"ಅಮ್ಮನದು. ನನ್ನ ಕೈಗೆ ಸರಿಮಾಡಿಕೊಡಿ."

ನನ್ನದೇ ಹೊಲಿಗೆ.
ಮೂವತ್ತರ ಸೊಕ್ಕಿನ ಹೊಲಿಗೆ, ಅಗತ್ಯಕ್ಕಿಂತ ಬಿಗಿ.
ಹನ್ನೊಂದು ಕಂತಿನಲ್ಲಿ ದುಡ್ಡು ಕೊಟ್ಟಿದ್ದಳು ಮಿತ್ಸುನೊ,
ಒಂದು ಕಂತು ಮೊಟ್ಟೆ.
ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ
ಮೂಲಂಗಿ ಹೆಚ್ಚುವ ಕೆಲಸ.
ಅದಕ್ಕೂ ಮೊದಲು, ಐದಕ್ಕೇ ಎದ್ದು, ಗುಡಿಯ ಹಿಂದಿನ ಬಿಲ್ಲುಮನೆಗೆ ಹೋಗಿ
ನೆಲ ಒರೆಸಿ, ಗುರಿಯ ಮರಳುದಿಬ್ಬಕ್ಕೆ ನೀರು ಚಿಮುಕಿಸಿ
ನಾಲ್ಕು ಬಾಣ. ನಾಲ್ಕೇ.
ಆಮೇಲೆ ಮೂಲಂಗಿ.

ಈ ಹೆಬ್ಬೆರಳನ್ನು ನೋಡಿ.
ಒಳಗೆ ಮರ, ಹೊರಗೆ ತೊಗಲು,
ಬುಡದಲ್ಲಿ ಹೆದೆ ಬಂದು ಕೂರಲು ಸಣ್ಣದೊಂದು ಹೊಸ್ತಿಲು.
ಹಿಡಿಯುವುದು ಹೇಗೆ? ಕೇಳುತ್ತಾರೆ ಹೊಸಬರೆಲ್ಲ.
ಹಿಡಿಯುವುದಕ್ಕಲ್ಲಪ್ಪ ಇದು.
ಹಿಡಿದರೆ ಬಾಣ ಮುನಿಯುತ್ತದೆ.
ಬಿಡುತ್ತೇನೆ ಅಂದುಕೊಂಡು ಬಿಟ್ಟರೂ ಮುನಿಯುತ್ತದೆ.
ಹೆದೆಯ ಮಾತು ಬಿಟ್ಟು ಎದೆ ಅಗಲವಾಗಬೇಕು,
ಇನ್ನೂ ಅಗಲ, ಇನ್ನೂ,
ಆಗ ತಾನಾಗಿ ಹೋಗುತ್ತದೆ
ಊಟದ ನಡುವೆ ಮಗುವಿನ ಹಾಲುಹಲ್ಲು
ಬಿದ್ದುಹೋದ ಹಾಗೆ.

ಇದು ಧ್ಯಾನವೇ ಎಂದು ಒಬ್ಬ ವಿದೇಶಿ ಕೇಳಿದ್ದ.
ನಾನು ಅವನ ಬೆರಳಿನ ಸುತ್ತಳತೆ ಬರೆದುಕೊಳ್ಳುತ್ತಿದ್ದೆ.

ರಾತ್ರಿ ದೀಪದಡಿ ಹೊಲಿಗೆ ಬಿಚ್ಚಿದೆ.
ಒಳಗೆ ಬೆವರಿನಿಂದ ಕಪ್ಪಾದ ಒಂದು ಗವಿ,
ಅವಳ ಹೆಬ್ಬೆರಳು ಈಗಷ್ಟೇ ಎದ್ದುಹೋದಂತೆ.
ಮಣಿಕಟ್ಟಿನ ಬಳಿ
ಮುಳ್ಳಿಗೋ ಬೇಲಿಗೋ ಸಿಕ್ಕಿ ಜಿಂಕೆಗಾದ ಹಳೆಯ ಗಾಯದ ಗೆರೆ.
ಕೊಳ್ಳುವವರು ಬೆಲೆ ಇಳಿಸಿಯಾರೆಂದು
ಅಂದು ನಾನೇ ಒಳಮುಖ ಮಾಡಿ ಅಡಗಿಸಿದ್ದು.
ನಲವತ್ತು ವರ್ಷ ಅದು ಅವಳ ನಾಡಿಗೆ ಉಜ್ಜಿ ಉಜ್ಜಿ
ಕನ್ನಡಿಯಾಗಿದೆ.

ವರ್ಷಕ್ಕೊಮ್ಮೆ ತೊಗಲಿನವರು ಸೇರಿ
ಜಿಂಕೆಗಳಿಗೆ ಧೂಪ ಹಾಕುತ್ತೇವೆ.
ಈಗ ಮೂರೇ ಜನ. ಭಿಕ್ಷುವಿಗೂ ಅವಸರ.
ಈ ಸಲ ಯಾವ ಜಿಂಕೆಗೆ ಎಂದು ನನಗೆ ಗೊತ್ತಿತ್ತು.

ಬದಲಿಲ್ಲದ ವಸ್ತುವಿಗೆ ನಮ್ಮ ಮಾತಿನಲ್ಲಿ ಒಂದು ಪದವಿದೆ,
ಈ ಕೈಗವಸಿನಿಂದಲೇ ಹುಟ್ಟಿದ್ದಂತೆ. ಬಿಲ್ಲಿನವರ ನಂಬಿಕೆ.
ಪಂಡಿತರು ತಲೆಯಾಡಿಸುತ್ತಾರೆ.
ನಾನು ವ್ಯಾಪಾರಿ, ನಂಬುತ್ತೇನೆ.

"ಆಗುವುದಿಲ್ಲಮ್ಮ" ಎಂದೆ ಗುರುವಾರ.
ಅವಳು ಬಹಳ ಹೊತ್ತು ಬೂದಿ ಹಿಡಿದ ಕಿಟಕಿ ನೋಡಿದಳು.
"ಐದಕ್ಕೆ ಬಾಗಿಲು ಸರಿಯುವ ಸದ್ದು.
ಅಷ್ಟೇ ನನಗೆ ಗೊತ್ತಿದ್ದದ್ದು.
ನನ್ನನ್ನು ಬಿಟ್ಟು ಅಲ್ಲೇನು ಬಿಡಲು ಹೋಗುತ್ತಿದ್ದಳು?"

ನನ್ನ ಬಳಿ ಉತ್ತರ ಇರಲಿಲ್ಲ, ಅಳತೆಯ ದಾರ ಇತ್ತು.
ಕೈ ಕೊಡಮ್ಮ, ಎಂದೆ.
ಸ್ಟಿಯರಿಂಗಿನ ಕೈ, ಅಗಲ; ತಾಯಿಯದಲ್ಲ.
ಹೆಬ್ಬೆರಳು ಮಾತ್ರ ಹಿಂದಕ್ಕೆ ಬಾಗುವ ರೀತಿ—
ಇರಲಿ.

ಹಳೆಯದನ್ನು ಹಳೆಯ ತೂತುಗಳಲ್ಲೇ ಸೂಜಿ ಇಳಿಸಿ
ಇದ್ದಹಾಗೆಯೇ ಹೊಲಿದು ಕೊಟ್ಟೆ,
ಒಂದಿಷ್ಟು ಸಡಿಲವಾಗಿ.

ಮಾರ್ಚಿನಲ್ಲಿ ಒಂದು ದಿನ ನಿದ್ದೆ ಬರದೆ
ಐದಕ್ಕೆ ನಡೆದುಹೋದೆ, ಇಷ್ಟು ವರ್ಷಕ್ಕೆ ಮೊದಲ ಸಲ.
ಬೇಲಿಯಾಚೆ ಬಿಲ್ಲಿನ ಸದ್ದಿಲ್ಲ.
ಅವಳಿಗಿನ್ನೂ ಬಾಣ ಕೊಟ್ಟಿಲ್ಲವಂತೆ,
ರಬ್ಬರು ಪಟ್ಟಿ ಎಳೆಯುತ್ತಾಳಂತೆ.
ಕೇಳಿಸಿದ್ದು ಒದ್ದೆ ಬಟ್ಟೆ ಹಲಗೆಯ ಮೇಲೆ
ಈ ತುದಿಯಿಂದ ಆ ತುದಿಗೆ ಓಡುವ ಸದ್ದು,
ಒಂದು ಉಸಿರು,
ಮತ್ತೆ ಬಟ್ಟೆ.

ಅವಳ ತೊಗಲು ಇನ್ನೂ ಹೊಗೆಯಲ್ಲಿದೆ.
ಅವಸರವಿಲ್ಲ,
ಬಿಡಿ.